ಎತ್ತಿನಷ್ಟು ದೊಡ್ಡ ಇರುವೆ ನೇಗಿಲು ಎಳೆಯುತ್ತದೆಯೇ?

ಈ ವರ್ಷ ನನಗೆ ಬಂದ ಪತ್ರಗಳಲ್ಲಿ ಬೆಳೆಯ ಹುಳುವಿನ ವಿಚಾರಕ್ಕಿಂತ ಕಥೆಯೊಳಗಿನ ಹುಳುವಿನ ವಿಚಾರವೇ ಹೆಚ್ಚು. ಕಲ್ಪನಾಲೋಕದ ಕಾದಂಬರಿ ಬರೆಯುವವರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದಾರೆ. ಒಮ್ಮೆ ವಿವರವಾಗಿ ಉತ್ತರಿಸುತ್ತೇನೆ. ಕೀಟಕ್ಕೆ ಎಷ್ಟು ಕಾಲು ಎಂಬುದನ್ನು ಶಾಲೆಯ ಪುಸ್ತಕದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಇರುವೆ ತನ್ನ ತೂಕದ ಐವತ್ತು ಪಟ್ಟು ಭಾರ ಎತ್ತುತ್ತದೆ. ಹಾಗಾದರೆ ನನ್ನ ಕಾದಂಬರಿಯಲ್ಲಿ ಎತ್ತಿನಷ್ಟು ದೊಡ್ಡ ಇರುವೆ ಐವತ್ತು ಎತ್ತುಗಳ ಕೆಲಸ ಮಾಡಬಹುದಲ್ಲವೇ? ಅದನ್ನು ಪಳಗಿಸುವುದು ಹೇಗೆ?

ಮಾಡಲಾರದು. ಎದ್ದು ನಿಲ್ಲಲೂ ಆರದು. ಒಂದು ಸೆಂಟಿಮೀಟರ್ ಇರುವೆಯನ್ನು ಎರಡು ಮೀಟರಿಗೆ ಬೆಳೆಸಿದಿರಿ ಎನ್ನಿ. ಉದ್ದ 200 ಪಟ್ಟು ಆಯಿತು. ಸ್ನಾಯುವಿನ ಬಲ ಅದರ ದಪ್ಪವನ್ನು, ಅಂದರೆ ಅಡ್ಡ ಸೀಳಿನ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ಅದು 40,000 ಪಟ್ಟು ಹೆಚ್ಚಿತು. ತೂಕ ಮಾತ್ರ 80 ಲಕ್ಷ ಪಟ್ಟು ಏರಿತು. ಭಾರಕ್ಕೆ ಹೋಲಿಸಿದರೆ ಬಲ ಇನ್ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಐವತ್ತು ಪಟ್ಟು ಎತ್ತುತ್ತಿದ್ದ ಪ್ರಾಣಿ ಈಗ ತನ್ನ ಮೈತೂಕದ ಕಾಲುಭಾಗವನ್ನಷ್ಟೇ ಹೊರಬಲ್ಲದು. ನೇಗಿಲು ಹಾಗಿರಲಿ, ಹೊಟ್ಟೆಯನ್ನೇ ನೆಲದಿಂದ ಎತ್ತಲಾಗುವುದಿಲ್ಲ. ಗೆಲಿಲಿಯೊ ಈ ಲೆಕ್ಕವನ್ನು 1638ರಲ್ಲೇ ಮೂಳೆಯ ಚಿತ್ರ ಬರೆದು ತೋರಿಸಿದ್ದಾನೆ. ಇರುವೆಯ ಬಲದ ಗುಟ್ಟು ಅದರ ಸಣ್ಣತನದಲ್ಲಿದೆ.

ಉಸಿರಾಟದ್ದು ಇನ್ನೊಂದು ತೊಡಕು. ಕೀಟಕ್ಕೆ ಶ್ವಾಸಕೋಶವಿಲ್ಲ, ಮೈಯ ಪಕ್ಕದ ರಂಧ್ರಗಳಿಂದ ಹೊರಟ ಸಣ್ಣ ಕೊಳವೆಗಳು ಗಾಳಿಯನ್ನು ನೇರವಾಗಿ ಮಾಂಸಕ್ಕೆ ತಲುಪಿಸುತ್ತವೆ. ದಾರಿ ಉದ್ದವಾದಷ್ಟೂ ಗಾಳಿ ತಲುಪುವುದು ಕಷ್ಟ. 'ನನ್ನ ಲೋಕದಲ್ಲಿ ಆಮ್ಲಜನಕ ಹೆಚ್ಚಿದೆ' ಎಂದು ಬರೆದುಬಿಟ್ಟರೆ ಎಲ್ಲ ಸರಿಯಾಯಿತು ಎಂದುಕೊಳ್ಳುವವರು ಬಹಳ. ಸುಮಾರು 30 ಕೋಟಿ ವರ್ಷಗಳ ಹಿಂದೆ ನಮ್ಮ ಭೂಮಿಯಲ್ಲೇ ಆಮ್ಲಜನಕ ಇಂದಿಗಿಂತ ಬಹಳ ಹೆಚ್ಚಿತ್ತು. ಆಗ ಹಾರಾಡುತ್ತಿದ್ದ, ಏರೋಪ್ಲೇನ್ ಚಿಟ್ಟೆಯ ದೂರದ ಬಂಧು ಮೆಗಾನ್ಯೂರಾ ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 65 ಸೆಂಟಿಮೀಟರ್. ಕಾಗೆಯ ರೆಕ್ಕೆ ಅದಕ್ಕಿಂತ ಅಗಲ. ಇಂದು ಆಫ್ರಿಕಾದ ಗೋಲಿಯತ್ ಜೀರುಂಡೆಯ ಮರಿಹುಳು 100 ಗ್ರಾಂ ತೂಗಿದರೆ ಅದೇ ದೊಡ್ಡ ಸುದ್ದಿ.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ: ಪೊರೆ. ರೇಷ್ಮೆ ಸಾಕುವ ಮನೆಗೆ ಹೋಗಿ ನೋಡಿ. ಹುಳು ಸೊಪ್ಪು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಕೂರುತ್ತದೆ. ಹಳೆಯ ಪೊರೆ ಕಳಚುವ ಈ ಹೊತ್ತನ್ನು ನಮ್ಮ ರೈತರು ಜ್ವರ ಎನ್ನುತ್ತಾರೆ. ಇಂಥ ನಾಲ್ಕು ಜ್ವರ ದಾಟಿ, ಹುಟ್ಟಿದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆದ ಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಏರುತ್ತದೆ. ಜ್ವರಕ್ಕೆ ಕುಳಿತ ಹುಳುವನ್ನು ಅಲುಗಿಸಬೇಡಿ ಎಂದು ಮನೆಯ ಹಿರಿಯರು ಮಕ್ಕಳನ್ನು ಗದರುವುದು ಸುಮ್ಮನೆ ಅಲ್ಲ. ಇರುವೆಗೂ ಇಂಥ ಹೊತ್ತಿದೆ: ಪೊರೆಕೋಶದಿಂದ ಆಗಷ್ಟೇ ಹೊರಬಂದ ಇರುವೆಯ ಬಣ್ಣ ಮಾಸಲು, ಚಿಪ್ಪು ಮೆತ್ತಗೆ. ಎತ್ತಿನ ಗಾತ್ರದಲ್ಲಿ ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ನಿಮ್ಮ ಕಥೆ ನಡೆಯಬೇಕಾದದ್ದು ಆ ಹೊತ್ತಿನಲ್ಲಿ. ಅದನ್ನು ಯಾರು ಕಾಯುತ್ತಾರೆ, ಎಲ್ಲಿ ಮಲಗಿಸುತ್ತಾರೆ, ಎಷ್ಟು ದಿನ ಕೆಲಸ ನಿಲ್ಲುತ್ತದೆ? ಇಷ್ಟು ಬರೆದರೆ ನಾನು ನಿಮ್ಮ ದೈತ್ಯ ಇರುವೆಯನ್ನು ನಂಬುತ್ತೇನೆ.

ಇನ್ನು ಪಳಗಿಸುವ ಮಾತು. ಮೂಗುದಾರ, ಚಾಟಿ, ತಡಿ, ದಯವಿಟ್ಟು ಇವನ್ನೆಲ್ಲ ತೆಗೆಯಿರಿ. ಕೀಟಕ್ಕೆ ಹೆದರಿಸಿ ಕೆಲಸ ಕಲಿಸಿದವರಿಲ್ಲ. ಅದು ತಾನಾಗಿ ಮಾಡುವುದೇನೆಂದು ತಿಳಿದು, ಅದಕ್ಕೆ ಜಾಗ ಮಾಡಿಕೊಡಬೇಕು. ನಮ್ಮ ಮಾವಿನ ಮರದ ಚಗಳಿ ಇರುವೆ ಗೂಡು ಕಟ್ಟುವುದನ್ನು ನಾನು ಹೊತ್ತು ಮರೆತು ನೋಡಿದ್ದೇನೆ. ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗಿ ಎರಡು ಎಲೆಗಳ ಅಂಚನ್ನು ಹತ್ತಿರ ಎಳೆಯುತ್ತವೆ. ಮತ್ತೊಂದು ತನ್ನ ಗೂಡಿನ ಮರಿಹುಳುವನ್ನು ಬಾಯಲ್ಲಿ ಹಿಡಿದು, ಲಾಳಿಯಂತೆ ಈ ಅಂಚಿಗೂ ಆ ಅಂಚಿಗೂ ಮುಟ್ಟಿಸುತ್ತದೆ. ಮರಿಯ ಬಾಯಿಂದ ಬಂದ ನೂಲಿನಲ್ಲಿ ಎಲೆ ಹೊಲಿದುಕೊಳ್ಳುತ್ತದೆ. ದಕ್ಷಿಣ ಚೀನಾದ ರೈತರು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಈ ಗೂಡುಗಳನ್ನು ಕೊಂಡು ತಂದು ಕಿತ್ತಳೆ ಜಾತಿಯ ಮರಗಳಿಗೆ ಕಟ್ಟುತ್ತಿದ್ದರು. ಮರದಿಂದ ಮರಕ್ಕೆ ಬಿದಿರಿನ ಸೇತುವೆ ಹಾಕುವ ಪದ್ಧತಿಯೂ ಅಲ್ಲಿ ಬೆಳೆಯಿತು. ಇರುವೆ ತನ್ನ ಊಟ ಹುಡುಕಿತು, ತೋಟದ ಹುಳು ಕಡಿಮೆಯಾಯಿತು. ಕೆಲಸದ ಕೀಟ ಎಂದರೆ ಹೀಗೆ. ನಿಮ್ಮ ರೈತನ ಕೈಗೆ ಚಾಟಿಯ ಬದಲು ಬಿದಿರು ಕೊಡಿ.

ಪ್ರಶ್ನೆ: ನನ್ನ ಕಥೆಯಲ್ಲಿ ಇರುವೆ ಸೈನಿಕರೆಲ್ಲ ಗಂಡು. ತಪ್ಪೇ?

ತಪ್ಪು. ಕೆಲಸಗಾರರೂ ಸೈನಿಕರೂ ಹೆಣ್ಣೇ.

ಪ್ರಶ್ನೆ: ರಾಕ್ಷಸ ಜೇಡ, ರಾಕ್ಷಸ ಚೇಳು?

ಅವು ಕೀಟಗಳಲ್ಲ.

ಪ್ರಶ್ನೆ: ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕುವ ತರಬೇತಿಗೆ ಹಣ ಕೇಳುತ್ತಿದ್ದಾರೆ. ಕುಟುಕಿಸಿಕೊಂಡರೆ ಮಂಡಿನೋವು ಹೋಗುತ್ತದೆ ಎಂದೂ ಹೇಳುತ್ತಾರೆ.

ಹಣ ಕೊಡಬೇಡಿ. ಹೆಜ್ಜೇನು ಬಯಲಿನಲ್ಲಿ ಒಂದೇ ಹುಟ್ಟು ಕಟ್ಟಿ, ಋತು ಬದಲಾದಂತೆ ಊರು ಬಿಡುವ ಕಾಡುಜೀವಿ. ಪೆಟ್ಟಿಗೆಗೆ ಒಗ್ಗುವುದು ತುಡುವೆ. ಎರಡನೆಯ ಮಾತು ಹೇಳಿದವರ ಮೇಲೆ ನನಗೆ ನಿಜವಾಗಿ ಕೋಪವಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಒಂದೇ ಕುಟುಕಿಗೆ ಮುಖ ಊದಿ, ಉಸಿರು ಕಟ್ಟಿ ನೆಲಕ್ಕೆ ಬಿದ್ದದ್ದನ್ನು ಕಂಡಿದ್ದೇನೆ. ಆಸ್ಪತ್ರೆ ಹತ್ತಿರವಿದ್ದುದರಿಂದ ಉಳಿದರು. ಹಾಗೆ ಆದವರನ್ನು ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಸುಣ್ಣ, ಸೊಪ್ಪು ಹಚ್ಚುತ್ತಾ ಕೂರಬೇಡಿ.

ಪ್ರಶ್ನೆ: ಮಳೆಗಾಲದ ರಾತ್ರಿ ಮನೆ ದೀಪಕ್ಕೆ ಮೊರದಂಥ ಪತಂಗ ಬಂದಿತ್ತು. ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಿದೆ. ವಿಷವೇ? ಹೊಡೆದು ಹಾಕಬೇಕೆನ್ನುತ್ತಾರೆ.

ಹೊಡೆಯಬೇಡಿ. ಅದು ಅಟ್ಲಾಸ್ ಪತಂಗ. ಅದಕ್ಕೆ ವಿಷವೂ ಇಲ್ಲ, ತಿನ್ನುವ ಬಾಯಿಯೂ ಇಲ್ಲ. ಹುಳುವಾಗಿದ್ದಾಗ ತಿಂದದ್ದರ ಬಲದಲ್ಲೇ ಒಂದೆರಡು ವಾರ ಬದುಕಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ನಿಮ್ಮ ದೀಪದ ಸುತ್ತ ಸುತ್ತಿದಷ್ಟೂ ಆ ದಿನಗಳು ಹಾಳು. ದೀಪ ಆರಿಸಿ.