ನಾನು ಮೂರನೇ ವರ್ಷದ ಬಿ.ಇ. ಓದುತ್ತಿದ್ದೇನೆ. ಬೇರೆ ಕಾಲೇಜಿನವರು ಐಐಎಸ್‌ಸಿ ಕಂಪ್ಯೂಟರ್ ಸೈನ್ಸ್ ವಿಭಾಗದ ಸೆಮಿನಾರ್‌ಗಳಿಗೆ ಹೋಗಬಹುದಾ? ಹೋದರೆ ಏನಾದರೂ ಅರ್ಥ ಆಗುತ್ತಾ?

ಖಂಡಿತ ಹೋಗಿ. ಮೂರನೇ ವರ್ಷದ ಬಿ.ಇ. ಅಂದಿದ್ದೀರಿ, ಅಷ್ಟು ಓದಿದ್ದರೆ ಸಾಕು.

ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್‌ಸಿಯಲ್ಲಿ ಈ ವಿಭಾಗದ ಪೂರ್ತಿ ಹೆಸರು ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್. ಎಲ್ಲರ ಬಾಯಲ್ಲಿ ಸಿಎಸ್‌ಎ. ಮುಂದೆ ಯಾವ ಟಾಕ್ ಇದೆ ಅನ್ನುವ ಪಟ್ಟಿ ವಿಭಾಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಾನು ಬೇರೆ ಕಡೆ ಎಂ.ಟೆಕ್ ಮಾಡುವಾಗ ಹೋಗುತ್ತಿದ್ದೆ, ಕೆಲಸಕ್ಕೆ ಸೇರಿದ ಮೇಲೂ ಬಿಡುವಾದಾಗ ಹೋಗುತ್ತೇನೆ. ಗೇಟ್‌ನಲ್ಲಿ ಎಲ್ಲಿಗೆ ಅಂತ ಕೇಳುತ್ತಾರೆ. ಕಾಲೇಜಿನ ಐಡಿ ಕಾರ್ಡ್ ಇಟ್ಕೊಳ್ಳಿ, ಟಾಕ್‌ನ ಪ್ರಕಟಣೆ ಫೋನ್‌ನಲ್ಲಿರಲಿ.

ಪಟ್ಟಿ ನೋಡಿದಾಗ ಹೊರದೇಶದ ದೊಡ್ಡ ಪ್ರೊಫೆಸರ್ ಹೆಸರಿನ ಮೇಲೇ ಕಣ್ಣು ಬೀಳುತ್ತದೆ. ನಾನಾದರೆ ಮೊದಲು ಥೀಸಿಸ್ ಕೊಲೋಕ್ವಿಯಂ, ಥೀಸಿಸ್ ಡಿಫೆನ್ಸ್ ಅಂತ ಬರೆದಿರುವುದಕ್ಕೆ ಹೋಗಿ ಅನ್ನುತ್ತೇನೆ. ಕೊಲೋಕ್ವಿಯಂ ಥೀಸಿಸ್ ಸಲ್ಲಿಸುವ ಮುಂಚೆ ನಡೆಯುತ್ತದೆ. ಡಿಫೆನ್ಸ್ ಅಂದರೆ ಪರೀಕ್ಷಕರು ಥೀಸಿಸ್ ಓದಿ ವರದಿ ಕೊಟ್ಟ ಮೇಲಿನ ವೈವಾ. ಅತಿಥಿಗಳು ಎಷ್ಟೋ ಸಲ ನೇರವಾಗಿ ಹೊಸ ಪೇಪರ್‌ಗೇ ಇಳಿದುಬಿಡುತ್ತಾರೆ. ಪಿಎಚ್‌ಡಿ ವಿದ್ಯಾರ್ಥಿ ಹಾಗೆ ಮಾಡುವಂತಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ, ಸಮಸ್ಯೆ ಏನು ಅನ್ನುವುದರಿಂದಲೇ ಹೇಳಬೇಕು. ಆ ಮೊದಲ ಹದಿನೈದು ನಿಮಿಷ ನಿಮಗೆ ಪೂರ್ತಿ ದಕ್ಕುತ್ತದೆ.

ನಡುವೆ ಗಣಿತ ಬಂದಾಗ ಕೈತಪ್ಪಿದರೂ ಎದ್ದು ಹೋಗಬೇಡಿ. ಪ್ರಶ್ನೋತ್ತರಕ್ಕೆ ಕಾದಿರಿ. ಒಂದು ಡಿಫೆನ್ಸ್‌ನಲ್ಲಿ ಪರೀಕ್ಷಕರು ಹಿಂದಿನ ಸ್ಲೈಡಿಗೆ ಹೋಗಲು ಹೇಳಿ, ‘ಈ ಗ್ರಾಫ್‌ನಲ್ಲಿ ಇದೊಂದು ಕಡೆ ಮಾತ್ರ ಗೆರೆ ಯಾಕೆ ಕೆಳಗಿಳಿದಿದೆ?’ ಅಂತ ಕೇಳಿದರು. ಥೀಸಿಸ್ ಮಂಡಿಸುತ್ತಿದ್ದ ವಿದ್ಯಾರ್ಥಿನಿ ಕೊನೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಸ್ಲೈಡ್ ತೆಗೆದು, ಅದನ್ನೇ ಬೇರೆ ಬೇರೆ ಮೆಮೊರಿ ಗಾತ್ರದಲ್ಲಿ ಓಡಿಸಿದ ಫಲಿತಾಂಶ ತೋರಿಸಿದರು. ಸಂಶೋಧನೆ ಅಂದರೆ ಏನು ಅಂತ ನನಗೆ ನಿಜವಾಗಿ ತಿಳಿದದ್ದು ಅಂಥ ಹೊತ್ತಿನಲ್ಲಿ.

ಡಿಬಿಎಂಎಸ್ ಓದಿದ್ದೀರಿ ಅಲ್ವಾ? ಹಾಗಾದರೆ ಈ ವಿಭಾಗದ ಡೇಟಾಬೇಸ್ ಲ್ಯಾಬಿನ ಪಿಕಾಸೊ ಎಂಬ ಸಾಫ್ಟ್‌ವೇರ್ ಬಗ್ಗೆ ಮೊದಲು ಓದಿಕೊಂಡು ಹೋಗಿ. ಎಸ್‌ಕ್ಯುಎಲ್ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಒಂದೇ ಇದ್ದರೂ, ಎಷ್ಟು ಸಾಲು ಹೆಕ್ಕಬೇಕು ಅನ್ನುವುದರ ಮೇಲೆ ಡೇಟಾಬೇಸ್ ತನ್ನ ಪ್ಲಾನ್ (ಉತ್ತರ ಹುಡುಕುವ ದಾರಿ) ಬದಲಿಸುತ್ತದೆ. ಆ ಲ್ಯಾಬಿನ ಪ್ರೊಫೆಸರ್ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು ಒಂದೊಂದು ಪ್ಲಾನಿಗೆ ಒಂದೊಂದು ಬಣ್ಣ ಕೊಟ್ಟು ನಕ್ಷೆ ಬಿಡಿಸಿದರು. ದೊಡ್ಡ ಕಂಪನಿಗಳ ಡೇಟಾಬೇಸ್‌ಗಳಲ್ಲೂ ಆ ನಕ್ಷೆ ಚೂರುಚೂರು ಬಣ್ಣಗಳ ಚಿತ್ರದ ಹಾಗೆ ಬಂತು. ಅದನ್ನು 2005ರಲ್ಲಿ ವಿಎಲ್‌ಡಿಬಿ ಎಂಬ ಡೇಟಾಬೇಸ್ ಸಂಶೋಧಕರ ಸಮ್ಮೇಳನದಲ್ಲಿ ಮಂಡಿಸಿದರು. 2007ರಲ್ಲಿ ಇನ್ನೊಂದು ಹೆಜ್ಜೆ: ಕ್ವೆರಿ ಓಡಿಸಲು ಕಂಪ್ಯೂಟರಿಗೆ ತಗಲುವ ಅಂದಾಜು ಖರ್ಚು ಶೇ. 20ರವರೆಗೆ ಜಾಸ್ತಿಯಾದರೂ ಪರವಾಗಿಲ್ಲ ಅಂದರೆ, ಸಾಮಾನ್ಯವಾಗಿ ಹತ್ತರ ಆಸುಪಾಸು ಪ್ಲಾನ್‌ಗಳೇ ಸಾಕು ಅಂತ ತೋರಿಸಿದರು. ನೀವು ಕ್ಲಾಸಿನಲ್ಲಿ ಬರೆಯುವ, ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ನಿಂದಲೇ ಹುಟ್ಟಿದ ಪ್ರಶ್ನೆ ಇದು! ಹರಿತ್ಸ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿಯೂ ಬಂತು.

ಬಡವರಿಗೂ ಕೈಗೆಟುಕಲಿ ಅಂತ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಹಿಂದೆ ಇದ್ದವರಲ್ಲೂ ಇದೇ ವಿಭಾಗದ ನಾಲ್ವರು ಪ್ರೊಫೆಸರ್‌ಗಳಿದ್ದರು.

ಒಬ್ಬರೇ ಹೋಗಲು ಅಳುಕಿದ್ದರೆ ಐಐಎಸ್‌ಸಿಯ ಓಪನ್ ಡೇಗೆ ಹೋಗಿ. ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತದೆ, ಎಲ್ಲರಿಗೂ ಪ್ರವೇಶ ಉಚಿತ. ಜನ ಮಾತ್ರ ಜಾತ್ರೆಯಷ್ಟು. ಲ್ಯಾಬಿನವರ ಜೊತೆ ನಿಂತು ಮಾತಾಡಬೇಕಾದರೆ ಬೆಳಗ್ಗೆ ಬೇಗ ತಲುಪಿ.