ಡಿಸ್ಕಸ್ ಮೀನಿನ ತೊಟ್ಟಿಯ ತಳಕ್ಕೆ ಏನು ಹಾಸಬೇಕು?

ಪ್ರಶ್ನೆ: ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಆರು ಡಿಸ್ಕಸ್ ಮರಿಗಳನ್ನು ಸಾಕಲು ಹೊರಟಿದ್ದೇನೆ. ತಳಕ್ಕೆ ಬಣ್ಣದ ಕಲ್ಲು ಹಾಕಲೇ, ಮರಳು ಹಾಕಲೇ, ಖಾಲಿ ಬಿಡಲೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಮರಿಗಳು ಬೆಳೆಯುವವರೆಗೆ ತಳವನ್ನು ಖಾಲಿ ಬಿಡುವುದೇ ಲೇಸು. ಡಿಸ್ಕಸ್ ಮರಿಗಳಿಗೆ ದಿನಕ್ಕೆ ಹಲವು ಬಾರಿ ಪ್ರೋಟೀನ್ ಹೆಚ್ಚಿರುವ ಆಹಾರ ಕೊಡಬೇಕಾಗುವುದರಿಂದ, ಉಳಿದ ಚೂರುಗಳು ಕಲ್ಲಿನ ಸಂದುಗಳಲ್ಲಿ ಸೇರಿ, 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ನೀರಿನಲ್ಲಿ ಬೇಗನೆ ಕೊಳೆತು ಅಮೋನಿಯಾ ಬಿಡುತ್ತವೆ. ಬರಿಯ ಗಾಜಾದರೆ ಕೊಳವೆಯಿಂದ ಎಲ್ಲವನ್ನೂ ಹೀರಿ ತೆಗೆಯಬಹುದು. ನೋಡಲು ಅದು ಆಸ್ಪತ್ರೆಯ ಕೋಣೆಯಂತೆ ಬೋಳಾಗಿ ಕಾಣುತ್ತದೆ ಎಂಬುದು ನಿಜ.

ಮೀನುಗಳು ದೊಡ್ಡವಾದ ಮೇಲೆ ತಿಳಿಬಣ್ಣದ ನುಣುಪಾದ ಸಿಲಿಕಾ ಮರಳನ್ನು ಒಂದೆರಡು ಸೆಂಟಿಮೀಟರ್ ಮಾತ್ರ ಹಾಸಿ. ಡಿಸ್ಕಸ್ ತಳದತ್ತ ನೀರನ್ನು ಊದಿ, ಮರಳು ಕೆದರಿ ಆಹಾರ ಹುಡುಕುತ್ತದೆ. ಆ ನೋಟವೇ ಚೆಂದ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲನ್ನು ಪುಡಿಮಾಡಿದ್ದಾದ್ದರಿಂದ ಅದರ ಕಣಗಳು ಮೊನಚು. ಅಗ್ಗವೆಂದು ಅದನ್ನು ತರಬೇಡಿ. ಪಿಜನ್ ಬ್ಲಡ್ ತಳಿಯಾದರೆ ಕಪ್ಪು ತಳ ಬೇಡ, ಮೈಮೇಲೆ ಮೆಣಸು ಎರಚಿದಂತೆ ಕಪ್ಪು ಚುಕ್ಕೆಗಳು ಹೆಚ್ಚುತ್ತವೆ.

ಹವಳದ ಚೂರು, ಚಿಪ್ಪು, ಅಮೃತಶಿಲೆಯ ಹರಳುಗಳು ಸುಣ್ಣದಂಶ ಬಿಟ್ಟು ನೀರಿನ ಗಡಸುತನವನ್ನು ಏರಿಸುತ್ತವೆ. ಅಮೆಜಾನ್ ಕೊಳ್ಳದ ಮೃದುವಾದ, ತುಸು ಆಮ್ಲೀಯ ನೀರಿನ ಈ ಮೀನಿಗೆ ಅದು ಹಿಡಿಸದು. ನಮ್ಮ ಕೊಳವೆಬಾವಿಗಳ ನೀರು ಮೊದಲೇ ಗಡಸು. ಅನುಮಾನವಿದ್ದರೆ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ: ನೊರೆ ಬಂದರೆ ಅದು ಹೂಕುಂಡಕ್ಕಿರಲಿ.