ಹೋಂಡಾ ಒಡಿಸ್ಸಿ ಟೈಮಿಂಗ್ ಬೆಲ್ಟ್: ಮನೆಯಲ್ಲೇ ಬಿಚ್ಚೋದಾ, ಗ್ಯಾರೇಜಿಗೆ ಕೊಡೋದಾ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೊಸದಾಗಿ ಬಂದು 2012ರ ಹೋಂಡಾ ಒಡಿಸ್ಸಿ ಕೊಂಡಿದ್ದೀರಿ, 98,000 ಮೈಲಿ ಓಡಿದೆ. ಡೀಲರು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕ್ರ್ಯಾಂಕನ್ನೂ ವಾಲ್ವು ತೆರೆಯುವ ಕ್ಯಾಮ್‌ಗಳನ್ನೂ ಜೊತೆಯಾಗಿ ತಿರುಗಿಸುವ ಹಲ್ಲಿನ ಪಟ್ಟಿ) ಬದಲಾಯಿಸೋಕೆ 1,700 ಡಾಲರ್ ಕೇಳಿದ್ದಾರೆ. ವಿಡಿಯೊ ನೋಡಿದರೆ 250 ಡಾಲರಿನ ಕಿಟ್ ತಂದು ಶನಿವಾರ ಒಂದೇ ದಿನದಲ್ಲಿ ಮುಗಿಸಬಹುದು ಅನ್ನಿಸುತ್ತೆ, ನಾನೇ ಮಾಡಲಾ ಅಂತ ಕೇಳಿದ್ದೀರಿ. ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡ್ತೀನಿ: ಅಪಾರ್ಟ್‌ಮೆಂಟಿನಲ್ಲಿ ಇರೋವರೆಗೆ ಕೈ ಹಾಕಬೇಡಿ. ಸ್ವಂತ ಡ್ರೈವ್‌ವೇ, ಆಫೀಸಿಗೆ ಹೋಗೋಕೆ ಇನ್ನೊಂದು ಕಾರು, ಎರಡು ಪೂರ್ತಿ ದಿನ ಇದ್ದರೆ ಧಾರಾಳವಾಗಿ ಮಾಡಬಹುದು.

ಈ ಕೆಲಸ ಮುಂದೂಡುವಂಥದ್ದಲ್ಲ. ಒಡಿಸ್ಸಿಯ 3.5 ಲೀಟರ್ ವಿ6 ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ಮೇಲೆ ಬಂದು ತೆರೆದಿರುವ ವಾಲ್ವುಗಳಿಗೆ ಬಡಿಯುತ್ತವೆ, ವಾಲ್ವು ಬಾಗುತ್ತವೆ. ಆಮೇಲೆ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಬೇಕು, ಹಳೇ ಗಾಡಿಗೆ ಅದು ಮೂಗಿಗಿಂತ ಮೂಗುತಿ ಭಾರ. ಲೆಕ್ಕ ಸುಮಾರು 1,05,000 ಮೈಲಿ ಅಥವಾ 7 ವರ್ಷ, ಯಾವುದು ಮೊದಲೋ ಅದು. ಸರ್ವಿಸ್ ನೆನಪಿಸುವ ಡ್ಯಾಶ್‌ಬೋರ್ಡಿನ ಮೇಂಟೆನೆನ್ಸ್ ಮೈಂಡರ್‌ನಲ್ಲಿ 4 ಅನ್ನೋ ಅಂಕಿ ಕಾಣಿಸಿಕೊಂಡರೆ ಇದೇ ಕೆಲಸ. ಸದಾ 110 ಡಿಗ್ರಿ ಫ್ಯಾರನ್‌ಹೀಟ್ ಮೀರೋ ಬಿಸಿಲಲ್ಲಿ ಅಥವಾ ಮೈನಸ್ 20ಕ್ಕಿಂತ ಕೆಳಗಿನ ಚಳಿಯಲ್ಲಿ ಓಡುವ ಗಾಡಿಗೆ ಹೋಂಡಾ 60,000 ಮೈಲಿ ಅನ್ನುತ್ತೆ. ನಿಮ್ಮ ಗಾಡಿ ಮೊದಲು ಫೀನಿಕ್ಸ್ ಕಡೆ ಓಡಿದ್ದರೆ ಇದು ನೆನಪಿರಲಿ. ಹಳೇ ಮಾಲೀಕರು ಆಗಲೇ ಬದಲಾಯಿಸಿರಬಹುದು. ಬೆಲ್ಟ್ ಕವರಿನ ಮೇಲೆ ಅಥವಾ ಬಾನೆಟ್ಟಿನ ಒಳಗಡೆ ಮೈಲಿ, ತಾರೀಖು ಬರೆದ ಸ್ಟಿಕ್ಕರ್ ಇದೆಯಾ ನೋಡಿ, ಗಾಡಿಯ ಹಳೇ ಇತಿಹಾಸ ತೋರಿಸುವ ಕಾರ್‌ಫ್ಯಾಕ್ಸ್ ವರದಿಯನ್ನೂ ನೋಡಿ. ಎರಡರಲ್ಲೂ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ.

(ಇದನ್ನ ಓದುತ್ತಿರುವ ಬೇರೆಯವರಿಗೆ: ಈಚಿನ ನಾಲ್ಕು ಸಿಲಿಂಡರ್ ಹೋಂಡಾ, ಟೊಯೋಟಾಗಳಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ. ಟೊಯೋಟಾ ಸಿಯೆನ್ನಾ 2007ರಿಂದ ಚೈನ್. ಸುಮ್ಮನೆ ಗಾಬರಿಯಾಗಬೇಡಿ.)

ಅಪಾರ್ಟ್‌ಮೆಂಟ್ ಯಾಕೆ ಬೇಡ ಅಂದರೆ, ಮೊದಲು ನಿಮ್ಮ ಲೀಸ್ (ಬಾಡಿಗೆ ಕರಾರು) ಓದಿ. ಪಾರ್ಕಿಂಗ್ ಜಾಗದಲ್ಲಿ ಗಾಡಿ ರಿಪೇರಿ ಮಾಡುವಂತಿಲ್ಲ ಅನ್ನೋ ಸಾಲು ಬಹುತೇಕ ಲೀಸುಗಳಲ್ಲಿ ಇರುತ್ತೆ. ಚಕ್ರ ಬಿಚ್ಚಿ ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಗಾಡಿಯನ್ನ ಮ್ಯಾನೇಜರು ನೋಡಿದರೆ ಟೋ ಮಾಡಿಸಬಹುದು, ಅರ್ಧ ಬಿಚ್ಚಿದ ಎಂಜಿನ್ ಸಮೇತ.

ಜಾಗ ಇದೆ ಅಂತಲೇ ಇಟ್ಟುಕೊಳ್ಳಿ. ಈ ಕೆಲಸದ ನಿಜವಾದ ಗೋಳು ಬೆಲ್ಟ್ ಅಲ್ಲ, ಕ್ರ್ಯಾಂಕಿನ ತುದಿಯಲ್ಲಿರೋ ಪುಲ್ಲಿಯ 19 ಎಂಎಂ ಬೋಲ್ಟು. ಕೆಲವು ವರ್ಷದ ಮಾಡೆಲ್‌ಗಳಿಗೆ ಅದರ ಟಾರ್ಕ್ (ಬಿಗಿಯೋ ಬಲ) 245 ನ್ಯೂಟನ್ ಮೀಟರ್. ಕೆಲವಕ್ಕೆ 64 ನ್ಯೂಟನ್ ಮೀಟರಿಗೆ ಬಿಗಿದು ಆಮೇಲೆ 60 ಡಿಗ್ರಿ ತಿರುಗಿಸಬೇಕು. ನಿಮ್ಮ ವರ್ಷದ್ದು ಯಾವುದು ಅಂತ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲೇ ನೋಡಿ. ಹತ್ತು ವರ್ಷ ಬಿಸಿ, ತಣ್ಣಗೆ ಆಗಿ ಅದು ಕಚ್ಚಿಕೊಂಡಿರುತ್ತೆ. ಮನೆಯಲ್ಲಿರೋ ಸಾದಾ ಇಂಪ್ಯಾಕ್ಟ್ ಗನ್ ಮಾಮೂಲಿ ಸಾಕೆಟ್ಟಿನಲ್ಲಿ ಎಷ್ಟು ಬಡಿದರೂ ಅಲ್ಲಾಡದೇ ಇರಬಹುದು. ದಾರಿ ಎರಡು. ಒಂದು, ಪುಲ್ಲಿಯ ನಡುವಿನ 50 ಎಂಎಂ ಷಟ್ಕೋನದ ತೂತಿಗೆ ಕೂರುವ ಹೋಂಡಾ ಹೋಲ್ಡರ್ ಟೂಲ್ ಹಾಕಿ, ಉದ್ದನೆಯ ಬ್ರೇಕರ್ ಬಾರ್‌ಗೆ ಇನ್ನೊಂದು ಪೈಪು ಸೇರಿಸಿ ಎಳೆಯೋದು. ಇನ್ನೊಂದು, ದಪ್ಪ ಗೋಡೆಯ ಭಾರದ ಸಾಕೆಟ್ (ಲೈಲ್ 77080) ಮತ್ತು ಒಳ್ಳೇ ಇಂಪ್ಯಾಕ್ಟ್ ಗನ್. ಆ ಸಾಕೆಟ್ಟಿನ ತೂಕವೇ ಏಟನ್ನ ಬೋಲ್ಟಿಗೆ ದಾಟಿಸುತ್ತೆ. ಹೋಲ್ಡರ್ ಅಂತೂ ಬೇಕೇ ಬೇಕು, ವಾಪಸ್ ಬಿಗಿಯುವಾಗ ಪುಲ್ಲಿ ತಿರುಗದ ಹಾಗೆ ಹಿಡಿಯೋದು ಅದೇ. ಆಟೋಝೋನ್, ಓರೈಲಿ ಅಂಗಡಿಗಳಲ್ಲಿ ಡಿಪಾಸಿಟ್ ಕಟ್ಟಿಸಿಕೊಂಡು ಟೂಲ್ ಎರವಲು ಕೊಡ್ತಾರೆ, ವಾಪಸ್ ಕೊಟ್ಟಾಗ ದುಡ್ಡು ಪೂರ್ತಿ ಬರುತ್ತೆ. ಮೊದಲೇ ಫೋನ್ ಮಾಡಿ ಇದೆಯಾ ಕೇಳಿ.

ಸಾಮಾನಿನ ವಿಷಯದಲ್ಲಿ ಜಿಪುಣತನ ಬೇಡ. ಐಸಿನ್ ಕಿಟ್ ಟಿಕೆಎಚ್-002 ಈ ಎಂಜಿನ್ನಿಗೆ ಎಲ್ಲರೂ ಹಾಕುವಂಥದ್ದು, ವರ್ಷ ಹೊಂದುತ್ತಾ ಖಚಿತ ಮಾಡಿಕೊಳ್ಳಿ. ಬೆಲ್ಟ್, ವಾಟರ್ ಪಂಪ್, ಬೆಲ್ಟನ್ನ ಬಿಗಿಯಾಗಿಡುವ ಹೈಡ್ರಾಲಿಕ್ ಟೆನ್ಷನರ್, ಟೆನ್ಷನರ್ ಪುಲ್ಲಿ, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿ ಎಲ್ಲಾ ಒಟ್ಟಿಗೆ ಬರುತ್ತೆ. ಆನ್‌ಲೈನ್‌ನಲ್ಲಿ ಗುರುತಿಲ್ಲದ ಮಾರಾಟಗಾರರ ಹತ್ತಿರ ನಕಲಿ ಕಿಟ್ ಸಿಗುತ್ತೆ, ಅರ್ಧ ಬೆಲೆ ಕಂಡರೆ ದೂರ ಇರಿ. ಜೊತೆಗೆ ಹೋಂಡಾ ಟೈಪ್ 2 ನೀಲಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಎರಡು ಗ್ಯಾಲನ್. ಅದು ಬೆರೆಸಿಯೇ ಬರುತ್ತೆ, ನೀರು ಸೇರಿಸಬೇಡಿ.

ಕೆಲಸದ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ (ರೇಡಿಯೊ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ). ಬಲಗಡೆ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಗಾರ್ಡ್ ತೆಗೆದು ಕೂಲಂಟ್ ಇಳಿಸಿ. ಹೊರಗಿನ ಡ್ರೈವ್ ಬೆಲ್ಟ್ ತೆಗೆಯಿರಿ. ಸ್ಪಾರ್ಕ್ ಪ್ಲಗ್ಗುಗಳನ್ನೂ ಈಗಲೇ ಬಿಚ್ಚಿದರೆ ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುತ್ತೆ. ಹೇಗೂ ಅವುಗಳ ಅವಧಿಯೂ ಇದೇ. ಕ್ರ್ಯಾಂಕನ್ನ ಪ್ರದಕ್ಷಿಣೆಯಾಗಿ ಮಾತ್ರ ತಿರುಗಿಸುತ್ತಾ ಪುಲ್ಲಿಯ ಬಿಳಿ ಗುರುತು ಕವರಿನ ಮುಳ್ಳಿಗೆ ಎದುರಾಗಿ ತನ್ನಿ. ಕೆಂಪು ಗುರುತುಗಳು ಇಗ್ನಿಷನ್‌ನವು, ಅವುಗಳಿಗೆ ಮೋಸ ಹೋಗಬೇಡಿ. ಆಯಿಲ್ ಪ್ಯಾನ್ ಕೆಳಗೆ ಮರದ ತುಂಡಿಟ್ಟು ಜ್ಯಾಕಿನಿಂದ ಎಂಜಿನ್ನಿಗೆ ಆಸರೆ ಕೊಟ್ಟ ಮೇಲೇ ಎಂಜಿನ್ನನ್ನ ಹಿಡಿದಿರುವ ಪಕ್ಕದ ಮೌಂಟ್ ಬಿಚ್ಚಬೇಕು. ಆಮೇಲೆ ಪುಲ್ಲಿ, ಕವರುಗಳು.

ಟೆನ್ಷನರನ್ನೂ ಬದಲಾಯಿಸುತ್ತಿರೋದರಿಂದ ಅದರ ಎರಡು ಬೋಲ್ಟನ್ನ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ ಇಳಿಸಿದರೆ ಸಾಕು. ಬೆಲ್ಟ್ ಜಾರಿಸುವ ಹೊತ್ತಿಗೆ ಎಚ್ಚರ: ಹಿಂದಿನ ಬ್ಯಾಂಕಿನ (ಹಿಂಬದಿಯ ಮೂರು ಸಿಲಿಂಡರಿನ ಸಾಲಿನ) ಕ್ಯಾಮ್ ಮೇಲೆ ವಾಲ್ವ್ ಸ್ಪ್ರಿಂಗಿನ ಒತ್ತಡ ಇರುತ್ತೆ, ಬೆಲ್ಟ್ ಬಿಟ್ಟ ಕೂಡಲೇ ಟಕ್ ಅಂತ ಕೆಲವು ಹಲ್ಲು ಮುಂದಕ್ಕೆ ಹಾರಬಹುದು. ಹಾಗಾದರೆ ಹೆದರಬೇಡಿ, ಸಾಕೆಟ್ ಹಾಕಿ ಮೆಲ್ಲಗೆ ಗುರುತಿಗೆ ವಾಪಸ್ ತನ್ನಿ, ಬಲವಾಗಿ ತಡೆದರೆ ಮಾತ್ರ ನಿಲ್ಲಿಸಿ.

ವಾಟರ್ ಪಂಪಿಗೆ ಐದು ಬೋಲ್ಟು, ತಲಾ 12 ನ್ಯೂಟನ್ ಮೀಟರ್. ಅಲ್ಯೂಮಿನಿಯಂಗೆ ಕೂರುವ ಸಣ್ಣ ಬೋಲ್ಟುಗಳು, ಕೈ ಅಂದಾಜಿನಲ್ಲಿ ಬಿಗಿದರೆ ಮರೆ (ಥ್ರೆಡ್) ಹಾಳಾಗುತ್ತೆ. ಐಡ್ಲರ್ ಬೋಲ್ಟಿಗೆ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ 45 ನ್ಯೂಟನ್ ಮೀಟರ್. ಹೊಸ ಬೆಲ್ಟ್ ಹಾಕೋ ಕ್ರಮ: ಕ್ರ್ಯಾಂಕ್, ಐಡ್ಲರ್, ಮುಂದಿನ ಕ್ಯಾಮ್, ವಾಟರ್ ಪಂಪ್, ಹಿಂದಿನ ಕ್ಯಾಮ್, ಕೊನೆಗೆ ಟೆನ್ಷನರ್ ಪುಲ್ಲಿ. ಕ್ರ್ಯಾಂಕ್ ಮತ್ತು ಎರಡು ಕ್ಯಾಮ್‌ಗಳ ಮೂರೂ ಗುರುತು ಸರಿಯಿದ್ದರೆ ಮಾತ್ರ ಹೊಸ ಟೆನ್ಷನರನ್ನ ಒತ್ತಿ ಹಿಡಿದಿರುವ ಪಿನ್ ಎಳೆಯಿರಿ. ಆಮೇಲೆ ಕ್ರ್ಯಾಂಕನ್ನ ಕೈಯಿಂದ ಆರು ಸುತ್ತು ಪ್ರದಕ್ಷಿಣೆಯಾಗಿ ತಿರುಗಿಸಿ ಗುರುತು ಮತ್ತೆ ನೋಡಿ. ಒಂದು ಹಲ್ಲು ಆಚೀಚೆ ಆಗಿದ್ದರೂ ಬಿಚ್ಚಿ ಮತ್ತೆ ಹಾಕಿ, ಸ್ಟಾರ್ಟ್ ಮಾಡಿ ನೋಡೋಣ ಅನ್ನೋ ಯೋಚನೆಯೇ ಬೇಡ. ಬಿಚ್ಚಿದ್ದನ್ನೆಲ್ಲ ವಾಪಸ್ ಜೋಡಿಸಿ ಹೊಸ ಕೂಲಂಟ್ ತುಂಬಿ. ಕೊನೆಗೆ ಹೀಟರ್ ಪೂರ್ತಿ ಬಿಸಿಗಿಟ್ಟು, ಫ್ಯಾನ್ ಎರಡು ಸಲ ತಿರುಗೋವರೆಗೆ ಎಂಜಿನ್ ಓಡಿಸಿ ಕೂಲಂಟಿನ ಗಾಳಿ ಬಿಡಿಸಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ ಅಂತ.

ಇಳಿಸಿದ ಕೂಲಂಟ್ ರಸ್ತೆ ಚರಂಡಿಗೆ ಚೆಲ್ಲಬೇಡಿ, ಅದು ಶುದ್ಧೀಕರಣವಿಲ್ಲದೆ ನೇರ ಸ್ಯಾನ್ ಫ್ರಾನ್ಸಿಸ್ಕೊ ಬೇ (ಕೊಲ್ಲಿ) ಸೇರುತ್ತೆ. ಸಿಹಿ ರುಚಿ ಬೇರೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಮುಚ್ಚಿದ ಡಬ್ಬಿಯಲ್ಲಿ ತಲುಪಿಸಿ.

ಸದ್ಯ ನಿಮ್ಮ ಪರಿಸ್ಥಿತಿಗೆ ಗ್ಯಾರೇಜೇ ಸರಿ, ಆದರೆ ಡೀಲರೇ ಆಗಬೇಕಿಲ್ಲ. ಹೋಂಡಾ ಚೆನ್ನಾಗಿ ಗೊತ್ತಿರೋ ಸ್ವತಂತ್ರ ಗ್ಯಾರೇಜಿನಲ್ಲಿ ಇದೇ ಕೆಲಸ ಡೀಲರಿಗಿಂತ ಕೆಲವು ನೂರು ಡಾಲರ್ ಕಮ್ಮಿಗೆ ಆಗುತ್ತೆ. ಮೂರು ಕಡೆ ಫೋನ್ ಮಾಡಿ, ಬರೀ "ಟೈಮಿಂಗ್ ಬೆಲ್ಟ್ ಎಷ್ಟು" ಅಂತ ಕೇಳಬೇಡಿ. ವಾಟರ್ ಪಂಪ್, ಟೆನ್ಷನರ್, ಎರಡೂ ಪುಲ್ಲಿ, ಕೂಲಂಟ್, ತೆರಿಗೆ ಎಲ್ಲಾ ಸೇರಿ ಎಷ್ಟು, ಕಿಟ್ ಯಾವ ಕಂಪನಿಯದು, ಕೆಲಸಕ್ಕೆ ಎಷ್ಟು ತಿಂಗಳ ಗ್ಯಾರಂಟಿ ಅಂತ ಕೇಳಿ. ಕಡಿಮೆ ರೇಟು ಹೇಳೋರು ಹೆಚ್ಚಾಗಿ ಹಳೇ ಟೆನ್ಷನರನ್ನೇ ಬಿಟ್ಟಿರುತ್ತಾರೆ, ಎಣ್ಣೆ ಸೋರಿ ಬೆಲ್ಟ್ ಸಡಿಲ ಮಾಡೋದು ಅದೇ. ಕಿಟ್ ನೀವೇ ತಂದುಕೊಟ್ಟರೆ ಅನೇಕರು ಗ್ಯಾರಂಟಿ ಕೊಡಲ್ಲ, ಅವರಿಂದಲೇ ಐಸಿನ್ ಅಥವಾ ಹೋಂಡಾ ತರಿಸಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಮುಂಚೆ ಲಿಖಿತ ಎಸ್ಟಿಮೇಟ್ ಕೊಡೋದು ಕಡ್ಡಾಯ. ಹಳೇ ಪಾರ್ಟು ವಾಪಸ್ ಬೇಕು ಅಂತ ಗಾಡಿ ಬಿಡೋವಾಗಲೇ ಹೇಳಿ ಬರೆಸಿ, ಕೊಡಲೇಬೇಕು. ಹಳೇ ಪಂಪು, ಟೆನ್ಷನರ್ ನಿಮ್ಮ ಕೈಗೆ ಬಂದರೆ ಅವನ್ನ ಬದಲಾಯಿಸಿದ್ದಾರೋ ಇಲ್ಲವೋ ಅನ್ನೋ ಅನುಮಾನ ಉಳಿಯಲ್ಲ. ಬಿಲ್ಲಿನಲ್ಲಿ ಮೈಲಿ ನಮೂದಾಗಿರಲಿ, ಕವರಿನ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡೇ ಬನ್ನಿ.